ನಿಮ್ಮ ಕೋಡ್‌ಗೆ ಯಾವ ಲೈಸೆನ್ಸ್? ಎಂಐಟಿಯಿಂದ ಎಜಿಪಿಎಲ್‌ವರೆಗೆ ಒಂದು ಹೋಲಿಕೆ

ಕೋಡ್ ಇಟ್ಟು ಹಂಚುವ ತಾಣವಾದ ಗಿಟ್‌ಹಬ್‌ಗೆ ಕೋಡ್ ಹಾಕಿದರೆ ಸಾಕು, ಅದು ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು) ಆಯಿತು ಎಂಬ ನಂಬಿಕೆ ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗ ಹುಡುಗಿಯರಲ್ಲಿ ಗಟ್ಟಿಯಾಗಿ ಕೂತಿದೆ. ಒಳ್ಳೊಳ್ಳೆ ಪ್ರಾಜೆಕ್ಟ್‌ಗಳು ಅಲ್ಲಿ ಸುಮ್ನೆ ಬಿದ್ದಿವೆ. ಕನ್ನಡ ಅಕ್ಷರ ಗುರುತಿಸುವ ಪ್ರೋಗ್ರಾಂ, ಎಪಿಎಂಸಿ ದರ ತೋರಿಸುವ ಆ್ಯಪ್, ಸರಕಾರಿ ಶಾಲೆಗೆ ಹಾಜರಿ ಹಾಕುವ ಸಾಫ್ಟ್‌ವೇರ್. ಅವುಗಳಲ್ಲಿ ಬಹಳಷ್ಟಕ್ಕೆ ಲೈಸೆನ್ಸ್ ಫೈಲೇ ಇಲ್ಲ, ಅಂದರೆ ಬೇರೆಯವರು ಅದನ್ನು ಹೇಗೆ ಬಳಸಬಹುದು ಎಂದು ಹೇಳುವ ಅನುಮತಿಪತ್ರವೇ ಇಲ್ಲ.

ಲೈಸೆನ್ಸ್ ಇಲ್ಲದಿದ್ದರೆ ಏನಾಗುತ್ತದೆ? ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ಬರೆದವರು ಇರುವವರೆಗೆ, ಆಮೇಲೆ ಇನ್ನೂ 60 ವರ್ಷ ಅದು ನಡೆಯುತ್ತದೆ. ಅಂದರೆ ಲೈಸೆನ್ಸ್ ಇಲ್ಲದ ಕೋಡ್ ಬೀಗ ಹಾಕಿದ ಕೋಡ್. ಗಿಟ್‌ಹಬ್‌ನ ಷರತ್ತುಗಳ ಪ್ರಕಾರ ಬೇರೆಯವರು ಅದನ್ನು ಅಲ್ಲಿ ನೋಡಬಹುದು, ಅಲ್ಲೇ ಫೋರ್ಕ್ ಮಾಡಬಹುದು, ಅಂದರೆ ತಮ್ಮ ಖಾತೆಗೆ ಒಂದು ಪ್ರತಿ ಮಾಡಿಕೊಳ್ಳಬಹುದು. ತಿದ್ದಿ ತಮ್ಮ ಆ್ಯಪ್‌ನಲ್ಲಿ ಸೇರಿಸಿ ಹಂಚಲು ಅನುಮತಿ ಸಿಕ್ಕಿರುವುದಿಲ್ಲ. ನಿಯಮಕ್ಕೆ ಹೆದರುವ ಒಳ್ಳೆಯ ಮಂದಿ ಅದನ್ನು ಮುಟ್ಟುವುದಿಲ್ಲ. ಹೆದರದವರು ಹೇಗಿದ್ದರೂ ಎತ್ತಿಕೊಂಡು ಹೋಗುತ್ತಾರೆ. ಇದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ. ಹಾಗಾಗಿ ಮುಂದೆ ಹೇಳುವ ಯಾವ ಲೈಸೆನ್ಸ್ ಹಾಕಿದರೂ ಇದಕ್ಕಿಂತ ವಾಸಿ.

ಕೋಡ್ ನಿಮ್ಮದೇನಾ?

ಲೈಸೆನ್ಸ್‌ಗಳನ್ನು ಹೋಲಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ಹಕ್ಕು ಇದ್ದವರು ಮಾತ್ರ ಲೈಸೆನ್ಸ್ ಕೊಡಬಹುದು.

ಕಾಯ್ದೆಯ 17ನೇ ಕಲಂ ಇಲ್ಲಿ ಮುಖ್ಯ. ನೀವು ನೌಕರಿಯಲ್ಲಿದ್ದು ಆ ಕೆಲಸದ ಭಾಗವಾಗಿ ಕೋಡ್ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ಕಂಪನಿಯವರು. ಅಪ್ರೆಂಟಿಸ್‌ಗೂ ಇದೇ ಲೆಕ್ಕ. ಅದನ್ನು ಮನೆಗೆ ತಂದು ಎಂಐಟಿ ಲೈಸೆನ್ಸ್ ಹಾಕಿ ಬಿಡುಗಡೆ ಮಾಡುವ ಹಕ್ಕು ನಿಮಗಿಲ್ಲ.

ನೀವು ಫ್ರೀಲಾನ್ಸರ್ ಆಗಿ ಗಿರಾಕಿಗೆ ಪ್ರೋಗ್ರಾಂ ಬರೆದುಕೊಟ್ಟರೆ ಕಥೆ ಉಲ್ಟಾ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಗಿರಾಕಿಗೆ ಹೋಗುವುದಿಲ್ಲ. ಬರೆದು ಸಹಿ ಮಾಡಿದ ಪತ್ರದ ಮೂಲಕ ವರ್ಗಾಯಿಸಬೇಕು. ಆ ಪತ್ರದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಎಂದೇ ಕಾಯ್ದೆಯ 19ನೇ ಕಲಂ ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹುಬ್ಬಳ್ಳಿಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವ ಹುಡುಗರು, ಬರೆಸಿಕೊಳ್ಳುವ ಮಾಲೀಕರು ಇಬ್ಬರೂ ಈ ಎರಡು ಸಾಲನ್ನು ಮೊದಲೇ ನೋಡಿಕೊಳ್ಳಬೇಕು. ಬಾಯಿಮಾತಿನ ವ್ಯವಹಾರ ಮುಂದೆ ಜಗಳಕ್ಕೆ ದಾರಿ.

ಫೈನಲ್ ಇಯರ್ ಪ್ರಾಜೆಕ್ಟ್ ನಾಲ್ಕು ಜನ ಸೇರಿ ಮಾಡಿದ್ದರೆ ನಾಲ್ಕೂ ಜನರ ಒಪ್ಪಿಗೆ ಬೇಕು. ಅದು ಒಂದು ಈಮೇಲ್‌ನಲ್ಲಿ ಬರಹದಲ್ಲಿರಲಿ. ಕಾಲೇಜಿಗೂ ತನ್ನದೇ ನಿಯಮ ಇರಬಹುದು, ಪ್ರಾಜೆಕ್ಟ್ ಗೈಡ್ ಹತ್ತಿರ ಕೇಳಿ ತಿಳಿದುಕೊಳ್ಳಿ.

ಉದಾರ ಲೈಸೆನ್ಸ್‌ಗಳು: ಎಂಐಟಿ ಮತ್ತು ಅಪಾಚೆ

ಎಂಐಟಿ ಲೈಸೆನ್ಸ್ ಒಂದು ಪುಟವೂ ಆಗುವುದಿಲ್ಲ. ಅದು ಹೇಳುವುದು ಇಷ್ಟೇ: ಏನು ಬೇಕಾದರೂ ಮಾಡಿ, ಮಾರಿ, ತಿದ್ದಿ. ನನ್ನ ಕಾಪಿರೈಟ್ ಸಾಲನ್ನೂ ಈ ಲೈಸೆನ್ಸನ್ನೂ ಪ್ರತಿಯ ಜೊತೆ ಉಳಿಸಿ. ಏನಾದರೂ ಕೆಟ್ಟರೆ ನಾನು ಹೊಣೆ ಅಲ್ಲ. ಬಿಎಸ್‌ಡಿ ಲೈಸೆನ್ಸ್ ಕೂಡ ಹೆಚ್ಚುಕಡಿಮೆ ಹೀಗೇ. ಎರಡರ ನಡುವೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಈ ಸರಳತೆಗೆ ಒಂದು ಬೆಲೆ ಇದೆ. ನಿಮ್ಮ ಕೋಡ್ ತೆಗೆದುಕೊಂಡ ಕಂಪನಿ ಅದನ್ನು ಸುಧಾರಿಸಿ, ಸುಧಾರಣೆಯನ್ನು ಮುಚ್ಚಿಟ್ಟುಕೊಳ್ಳಬಹುದು. ಆ್ಯಪಲ್ ಕಂಪನಿಯ ಆಪರೇಟಿಂಗ್ ಸಿಸ್ಟಂನಲ್ಲಿ ಬಿಎಸ್‌ಡಿ ಕೋಡ್ ಇದೆ. ಸೋನಿಯ ಪ್ಲೇಸ್ಟೇಷನ್ 4 ಬಿಎಸ್‌ಡಿ ಲೈಸೆನ್ಸ್‌ನ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ ಮೇಲೆ ಕಟ್ಟಿದ್ದು. ಇದರಲ್ಲಿ ತಪ್ಪೇನೂ ಇಲ್ಲ, ಬರೆದವರು ಅದಕ್ಕೆ ಒಪ್ಪಿಯೇ ಕೊಟ್ಟಿದ್ದಾರೆ. ನಿಮಗೂ ಒಪ್ಪಿಗೆ ಇದೆಯಾ ಎಂದು ಮಾತ್ರ ನೋಡಿಕೊಳ್ಳಿ.

ಅಪಾಚೆ ಲೈಸೆನ್ಸ್ 2.0 ಬಂದದ್ದು 2004ರಲ್ಲಿ. ಎಂಐಟಿಯಷ್ಟೇ ಉದಾರ, ಆದರೆ ಉದ್ದ. ಆ ಉದ್ದಕ್ಕೆ ಕಾರಣ ಇದೆ. ಕೋಡ್ ಕೊಟ್ಟವರು ಅದಕ್ಕೆ ಸಂಬಂಧಿಸಿದ ತಮ್ಮ ಪೇಟೆಂಟ್‌ಗಳನ್ನೂ ಬಳಸಲು ಬಿಟ್ಟುಕೊಡುತ್ತಾರೆ. ಆ ಸಾಫ್ಟ್‌ವೇರ್ ತನ್ನ ಪೇಟೆಂಟ್ ಮೀರಿದೆ ಎಂದು ಯಾರಾದರೂ ಕೋರ್ಟಿಗೆ ಹೋದರೆ, ಹೋದವರಿಗೆ ಅದರಲ್ಲಿ ಸಿಕ್ಕಿದ್ದ ಪೇಟೆಂಟ್ ಅನುಮತಿ ರದ್ದಾಗುತ್ತದೆ. ತಿದ್ದಿದ ಫೈಲ್‌ನಲ್ಲಿ ತಿದ್ದಿದ್ದೇವೆ ಎಂದು ಬರೆಯಬೇಕು. ನಿಮ್ಮ ಹೆಸರನ್ನೋ ಲೋಗೋವನ್ನೋ ಟ್ರೇಡ್‌ಮಾರ್ಕ್ ಆಗಿ ಬಳಸಲು ಅನುಮತಿ ಇಲ್ಲ ಎಂದೂ ಅದರಲ್ಲಿ ಸ್ಪಷ್ಟವಾಗಿದೆ.

ಪೇಟೆಂಟ್ ನಮಗ್ಯಾಕೆ ಎಂದು ಕೇಳಬಹುದು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಕೊಡುವುದಿಲ್ಲ ಎನ್ನುತ್ತದೆ. ನಿಜ. ಆದರೆ ನಿಮ್ಮ ಕೋಡ್ ಬಳಸುವವರು ಅಮೆರಿಕದಲ್ಲೂ ಇರಬಹುದಲ್ವಾ? ಫೇಸ್‌ಬುಕ್ ರಿಯಾಕ್ಟ್ ಎಂಬ, ವೆಬ್ ಪುಟ ಕಟ್ಟುವ ತನ್ನ ಸಾಫ್ಟ್‌ವೇರ್‌ಗೆ ಬಿಎಸ್‌ಡಿ ಲೈಸೆನ್ಸ್ ಜೊತೆ ಒಂದು ಪೇಟೆಂಟ್ ಷರತ್ತು ಸೇರಿಸಿತ್ತು. ಅಪಾಚೆ ಫೌಂಡೇಶನ್ ತನ್ನ ಪ್ರಾಜೆಕ್ಟ್‌ಗಳಲ್ಲಿ ಅದನ್ನು ಬೇಡ ಎಂದಿತು, ದೊಡ್ಡ ಗದ್ದಲ ಆಯಿತು. 2017ರ ಸೆಪ್ಟೆಂಬರ್‌ನಲ್ಲಿ ರಿಯಾಕ್ಟ್ ಎಂಐಟಿಗೆ ಬದಲಾಯಿತು.

ನನ್ನ ಸಲಹೆ ಇಷ್ಟು. ಅಂಕಿಯನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಡುವಂಥ ಪುಟ್ಟ ಲೈಬ್ರರಿಗೆ (ಬೇರೆ ಪ್ರೋಗ್ರಾಂಗಳು ಸೇರಿಸಿಕೊಂಡು ಬಳಸುವ ಸಿದ್ಧ ಕೋಡ್‌ಗೆ) ಎಂಐಟಿ ಸಾಕು. ಕಂಪನಿಗಳು ಆತುಕೊಂಡು ಕೆಲಸ ಮಾಡಲಿ ಎಂದು ಬರೆದ ದೊಡ್ಡ ಲೈಬ್ರರಿಗೆ ಅಪಾಚೆ ಹಾಕಿ. ಇಂಥ ಚಿಕ್ಕ ಚಿಕ್ಕ ಕನ್ನಡ ಉಪಕರಣಗಳಿಗೆ ಬಿಗಿ ಲೈಸೆನ್ಸ್ ಹಾಕುವುದು ನನಗೆ ಇಷ್ಟ ಇಲ್ಲ. ಮುಚ್ಚಿದ ಸಾಫ್ಟ್‌ವೇರ್ ಬರೆಯುವವರೂ ಅದನ್ನು ಬಳಸಿ ಕನ್ನಡ ಸರಿಯಾಗಿ ತೋರಿಸಿದರೆ ಲಾಭ ಕನ್ನಡ ಓದುವವರಿಗೇ.

ಜಿಪಿಎಲ್: ಪಡೆದ ಹಾಗೇ ಕೊಡಿ

ಜಿಪಿಎಲ್ ಬೇರೆ ಜಾತಿಯದ್ದು. ರಿಚರ್ಡ್ ಸ್ಟಾಲ್‌ಮನ್ ಮತ್ತು ಅವರು ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದರ ಮೊದಲ ಆವೃತ್ತಿ ತಂದದ್ದು 1989ರಲ್ಲಿ, ಎರಡನೆಯದು 1991ರಲ್ಲಿ, ಮೂರನೆಯದು 2007ರಲ್ಲಿ. ಇದರ ತಿರುಳು ಹೀಗಿದೆ. ಈ ಪ್ರೋಗ್ರಾಂನ ಪ್ರತಿಯನ್ನು, ತಿದ್ದಿಯೋ ತಿದ್ದದೆಯೋ, ಇನ್ನೊಬ್ಬರಿಗೆ ಕೊಟ್ಟರೆ ಸೋರ್ಸ್ ಕೋಡ್ (ಓದಿ ತಿದ್ದಬಹುದಾದ ಮೂಲ ಕೋಡ್) ಸಿಗುವಂತೆ ಮಾಡಬೇಕು. ನಿಮಗೆ ಸಿಕ್ಕ ಹಕ್ಕುಗಳೆಲ್ಲ ಅವರಿಗೂ ಸಿಗಬೇಕು. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿರಲಿಲ್ಲ. ಎಲ್ಲರೂ ಸೇರಿ ಕೂಡಿಸಿದ ಗಂಟಿನಿಂದ ಯಾರು ಬೇಕಾದರೂ ಪಡೆಯಬಹುದು, ಗಂಟನ್ನೇ ಒಬ್ಬರು ಮನೆಗೆ ಒಯ್ಯುವಂತಿಲ್ಲ.

ಜಿಪಿಎಲ್ ಬಗ್ಗೆ ನಮ್ಮ ಕಡೆ ಮೂರು ತಪ್ಪು ತಿಳಿವಳಿಕೆ ಜಾಸ್ತಿ.

ಒಂದು, ಜಿಪಿಎಲ್ ಸಾಫ್ಟ್‌ವೇರ್ ಮಾರಬಾರದು ಎನ್ನುವುದು. ಮಾರಬಹುದು, ಎಷ್ಟು ಬೆಲೆಗಾದರೂ. ಕೊಂಡವರು ಅದನ್ನು ಇನ್ನೊಬ್ಬರಿಗೆ ಬಿಟ್ಟಿ ಕೊಡುವುದನ್ನು ಮಾತ್ರ ನೀವು ತಡೆಯುವಂತಿಲ್ಲ.

ಎರಡು, ತಿದ್ದಿದ ಕೂಡಲೇ ಇಂಟರ್‌ನೆಟ್‌ಗೆ ಹಾಕಬೇಕು ಎನ್ನುವುದು. ಇಲ್ಲ. ಧಾರವಾಡದ ಒಂದು ಕಾಲೇಜು ಲೈಬ್ರರಿಯಲ್ಲಿ (ಇದು ಪುಸ್ತಕದ ಲೈಬ್ರರಿ) ಪುಸ್ತಕದ ಲೆಕ್ಕ ಇಡಲು ಕೋಹಾ ಇದೆ ಎಂದುಕೊಳ್ಳಿ. ಅದು ಜಿಪಿಎಲ್ ಸಾಫ್ಟ್‌ವೇರ್. ಲೈಬ್ರರಿಯವರು ತಮ್ಮ ಅನುಕೂಲಕ್ಕೆ ರಸೀದಿಯನ್ನು ಕನ್ನಡದಲ್ಲಿ ಬರುವಂತೆ ತಿದ್ದಿಕೊಂಡು ತಮ್ಮಲ್ಲೇ ಬಳಸಿದರೆ ಯಾರಿಗೂ ಏನೂ ಕೊಡಬೇಕಿಲ್ಲ. ತಿದ್ದಿದ ಪ್ರತಿಯನ್ನು ಹಾವೇರಿಯ ಇನ್ನೊಂದು ಕಾಲೇಜಿಗೆ ಕೊಟ್ಟರೆ ಸೋರ್ಸ್ ಜೊತೆಗೆ ಕೊಡಬೇಕು, ಅದೂ ಆ ಕಾಲೇಜಿಗೆ. ಇಡೀ ಊರಿಗೆ ಅಲ್ಲ. ಕೋಹಾ ಹಾಕಿಕೊಟ್ಟು ದುಡ್ಡು ತೆಗೆದುಕೊಳ್ಳುವ ಏಜೆನ್ಸಿ ಮಾಡುವುದೂ ಸರಿಯಾದ ವ್ಯಾಪಾರವೇ. ಆದರೆ ಕಾಲೇಜಿನ ಕಂಪ್ಯೂಟರ್‌ನಲ್ಲಿ ಹಾಕಿದ್ದಕ್ಕೆ ಕಾಲೇಜಿನವರು ಸೋರ್ಸ್ ಕೇಳಿದಾಗ ಏಜೆನ್ಸಿಯವರು "ಅದು ನಮ್ಮ ಸ್ವಂತದ್ದು, ಕೊಡಲ್ಲ" ಎಂದರೆ ಒಪ್ಪಬೇಡಿ. ಪ್ರಾಂಶುಪಾಲರು, ಲೈಬ್ರೇರಿಯನ್‌ಗಳು ಇದನ್ನು ತಿಳಿದಿರಬೇಕು. ಏಜೆನ್ಸಿ ಬಾಗಿಲು ಮುಚ್ಚಿದರೂ ಪುಸ್ತಕದ ಲೆಕ್ಕ ಕಾಲೇಜಿನ ಕೈಯಲ್ಲೇ ಉಳಿಯುವುದು ಈ ಹಕ್ಕಿನಿಂದ.

ಮೂರು, ಜಿಪಿಎಲ್ ಸುಮ್ನೆ ಕಾಗದದ ಮೇಲಿನ ಮಾತು ಎನ್ನುವುದು. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೂಟರ್ ಒಳಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುವುದು ಗೊತ್ತಾಯಿತು. ಲಿನಕ್ಸ್ ಜಿಪಿಎಲ್‌ನಲ್ಲಿದೆ. ಒತ್ತಡ ಬಂದು ಕಂಪನಿ ಸೋರ್ಸ್ ಬಿಡುಗಡೆ ಮಾಡಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ಸಾಫ್ಟ್‌ವೇರ್ ಹುಟ್ಟಿತು, ಇವತ್ತು ನೂರಾರು ಬಗೆಯ ರೂಟರ್‌ಗಳಲ್ಲಿ ಅದು ಓಡುತ್ತದೆ. 2004ರಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟ್ ಜಿಪಿಎಲ್ ಷರತ್ತುಗಳನ್ನು ಎತ್ತಿಹಿಡಿಯಿತು.

ಎರಡನೇ ಆವೃತ್ತಿಯೋ ಮೂರನೆಯದೋ? ಹೊಸ ಪ್ರಾಜೆಕ್ಟ್‌ಗೆ ಮೂರು. ಅದರಲ್ಲಿ ಪೇಟೆಂಟ್ ಮಾತು ಸ್ಪಷ್ಟವಾಗಿದೆ, ಅಪಾಚೆ 2.0 ಕೋಡ್ ಸೇರಿಸಬಹುದು. ಎರಡರಲ್ಲಿ ಷರತ್ತು ಮುರಿದ ಕೂಡಲೇ ಹಕ್ಕು ಹೋಗುತ್ತದೆ. ಮೂರರಲ್ಲಿ ಮೊದಲ ಸಲ ತಪ್ಪಿದವರು ನೋಟಿಸ್ ಬಂದ 30 ದಿನದೊಳಗೆ ಸರಿ ಮಾಡಿಕೊಂಡರೆ ಹಕ್ಕು ಮರಳುತ್ತದೆ. ನನಗೆ ಇದು ಮನುಷ್ಯತ್ವದ ನಿಯಮ ಅನಿಸುತ್ತದೆ. ಮನೆಬಳಕೆಯ ಯಂತ್ರದಲ್ಲಿ ಜಿಪಿಎಲ್ ಸಾಫ್ಟ್‌ವೇರ್ ಹಾಕಿ, ತಿದ್ದಿದ ಆವೃತ್ತಿ ಓಡದಂತೆ ಬೀಗ ಹಾಕುವುದನ್ನೂ ಮೂರನೆಯದು ಒಪ್ಪುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಮಾತ್ರ ಎರಡನೇ ಆವೃತ್ತಿಯಲ್ಲೇ ನಿಂತಿದೆ.

ಈಗ ನಮ್ಮ ಪೇಟೆಯ ಒಂದು ಲೆಕ್ಕ ಹಾಕೋಣ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆ ನೀವೊಂದು ಸಾಫ್ಟ್‌ವೇರ್ ಬರೆದಿದ್ದೀರಿ. ಡಬ್ಬಿ, ಕಡ್ಡಿ, ಗುಂಟೂರು ಎಂದು ಮಾಲು ಬೇರೆ ಮಾಡಿ ಚೀಲದ ತೂಕ, ಹಮಾಲಿ, ಕಮಿಷನ್ ಲೆಕ್ಕ ತೆಗೆದು ರೈತರಿಗೆ ಪಟ್ಟಿ ಕೊಡುತ್ತದೆ. ಅದನ್ನು ಅಂಗಡಿಯ ಕಂಪ್ಯೂಟರ್‌ಗೆ ಹಾಕಿಕೊಡುತ್ತೀರಿ.

ಎಂಐಟಿ ಹಾಕಿದರೆ ದೊಡ್ಡ ಕಂಪನಿಯೊಂದು ಅದನ್ನೇ ಎತ್ತಿಕೊಂಡು, ನಾಲ್ಕು ಹೊಸ ಸೌಲಭ್ಯ ಸೇರಿಸಿ, ಬೀಗ ಹಾಕಿ ನಿಮ್ಮ ಗಿರಾಕಿಗಳಿಗೇ ಮಾರಬಹುದು. ಆ ನಾಲ್ಕು ಸೌಲಭ್ಯ ನಿಮಗೆ ಸಿಗುವುದಿಲ್ಲ. ಜಿಪಿಎಲ್ ಹಾಕಿದರೆ ಅವರು ಮಾರಬಹುದು, ಆದರೆ ಕೊಂಡವರಿಗೆ ಸೋರ್ಸ್ ಕೊಡಬೇಕು. ಅಲ್ಲಿಂದ ಅದು ನಿಮ್ಮ ಕೈಗೂ ಬರಬಹುದು. ನಿಮ್ಮ ಗಿರಾಕಿಯೂ ಪಕ್ಕದ ಅಂಗಡಿಗೆ ಒಂದು ಪ್ರತಿ ಕೊಡಬಹುದು, ಅದನ್ನು ನೀವು ತಡೆಯುವಂತಿಲ್ಲ.

ಹಾಗಾದರೆ ಹೊಟ್ಟೆಪಾಡು? ಸೀಸನ್ ಹೊತ್ತಿನಲ್ಲಿ ಚೀಲಗಳು ರಾಶಿ ಬಿದ್ದು ಪ್ರಿಂಟರ್ ನಿಂತಾಗ ಓಡಿ ಬರುವವರು ಯಾರು, ತೆರಿಗೆ ನಿಯಮ ಬದಲಾದಾಗ ಸರಿ ಮಾಡಿಕೊಡುವವರು ಯಾರು ಎಂಬುದಕ್ಕೆ ಅಂಗಡಿಯವರು ದುಡ್ಡು ಕೊಡುತ್ತಾರೆ. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಎಂಬ ಇಆರ್‌ಪಿ (ವ್ಯಾಪಾರದ ಎಲ್ಲ ಲೆಕ್ಕ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಇದಕ್ಕೆ ಒಳ್ಳೆಯ ಉದಾಹರಣೆ. ಇಡೀ ಇಆರ್‌ಪಿ ಜಿಪಿಎಲ್ ಮೂರರಲ್ಲಿದೆ. ಅದಕ್ಕೆ ಅಡಿಪಾಯವಾದ ಫ್ರಾಪೆ ಫ್ರೇಮ್‌ವರ್ಕ್ ಎಂಐಟಿಯಲ್ಲಿದೆ. ಫ್ರೇಮ್‌ವರ್ಕ್ ಮೇಲೆ ಯಾರು ಏನು ಬೇಕಾದರೂ ಕಟ್ಟಲಿ, ಪೂರ್ತಿ ಕಟ್ಟಿದ ಸಾಫ್ಟ್‌ವೇರ್ ಮಾತ್ರ ಮುಚ್ಚದಿರಲಿ. ಈ ಹಂಚಿಕೆ ನನಗೆ ಬಹಳ ಸರಿ ಎನಿಸುತ್ತದೆ, ನಮ್ಮ ಕಡೆಯ ಚಿಕ್ಕ ಕಂಪನಿಗಳು ಇದನ್ನೇ ಹಿಡಿಯಬಹುದು. ಸರಕಾರಿ ಕೆಲಸ ಹಿಡಿಯುವವರಿಗೆ ಇನ್ನೊಂದು ಮಾತು: ಕೇಂದ್ರ ಸರಕಾರ 2015ರಲ್ಲೇ ಓಪನ್ ಸೋರ್ಸ್ ಸಾಫ್ಟ್‌ವೇರ್ ಅಳವಡಿಕೆಗೆ ಒಂದು ನೀತಿ ತಂದಿದೆ. ಟೆಂಡರ್ ಹಾಕುವಾಗ ಅದನ್ನು ಓದಿಕೊಂಡು ಹೋಗಿ.

ಸರ್ವರ್ ಮೇಲೆ ಓಡುವುದಾದರೆ ಎಜಿಪಿಎಲ್

ಮೇಲಿನ ಲೆಕ್ಕದಲ್ಲಿ ಒಂದು ಸಂದು ಇದೆ. ಜಿಪಿಎಲ್‌ನ ಷರತ್ತು ಎದ್ದು ಕೂರುವುದು ಪ್ರತಿ ಕೊಟ್ಟಾಗ. ಅದೇ ಮೆಣಸಿನಕಾಯಿ ಸಾಫ್ಟ್‌ವೇರನ್ನು ಕಂಪನಿ ತನ್ನ ಸರ್ವರ್‌ನಲ್ಲಿ ಓಡಿಸಿ, ಅಂಗಡಿಯವರು ಬ್ರೌಸರ್‌ನಲ್ಲಿ ಲಾಗಿನ್ ಆಗುವಂತೆ ಮಾಡಿದರೆ ಯಾರಿಗೂ ಪ್ರತಿ ಕೊಟ್ಟಂತಾಗಲಿಲ್ಲ. ತಿದ್ದಿದ್ದನ್ನು ಮುಚ್ಚಿಟ್ಟುಕೊಳ್ಳಬಹುದು.

ಈ ಸಂದು ಮುಚ್ಚಲೆಂದೇ 2007ರ ನವೆಂಬರ್‌ನಲ್ಲಿ ಎಜಿಪಿಎಲ್ ಮೂರನೇ ಆವೃತ್ತಿ ಬಂತು. ಅದರ 13ನೇ ಕಲಂ ಪ್ರಕಾರ, ಪ್ರೋಗ್ರಾಂ ತಿದ್ದಿ ನೆಟ್‌ವರ್ಕ್ ಮೂಲಕ ಜನರಿಗೆ ಬಳಸಲು ಕೊಟ್ಟರೆ ಆ ಬಳಕೆದಾರರಿಗೂ ಸೋರ್ಸ್ ಸಿಗುವಂತೆ ಮಾಡಬೇಕು. ತಿದ್ದದೆ ಹಾಗೇ ಓಡಿಸಿದರೆ ಈ ಕಲಂ ಅನ್ವಯಿಸುವುದಿಲ್ಲ. ಸಾಮಾಜಿಕ ಜಾಲತಾಣ ನಡೆಸುವ ಮಾಸ್ಟೊಡಾನ್, ಫೈಲ್ ಇಟ್ಟು ಹಂಚುವ ನೆಕ್ಸ್ಟ್‌ಕ್ಲೌಡ್ ಎರಡೂ ಎಜಿಪಿಎಲ್‌ನಲ್ಲಿವೆ.

ಎಜಿಪಿಎಲ್‌ಗೆ ದೊಡ್ಡ ಕಂಪನಿಗಳು ಹೆದರುತ್ತವೆ. ಗೂಗಲ್ ತನ್ನೊಳಗೆ ಎಜಿಪಿಎಲ್ ಕೋಡ್ ಬಳಸಬಾರದು ಎಂದು ಬಹಿರಂಗವಾಗಿಯೇ ಬರೆದಿಟ್ಟಿದೆ. ನೀವು ಬರೆದದ್ದು ಲೈಬ್ರರಿಯಾಗಿದ್ದು ಎಲ್ಲ ಕಡೆ ಹರಡಬೇಕು ಎಂದಿದ್ದರೆ ಇದು ಅಡ್ಡಿ. ಪೂರ್ತಿ ವೆಬ್ ಆ್ಯಪ್ ಆಗಿದ್ದರೆ ಇದೇ ನಿಮ್ಮ ಕಾವಲು. ಶಾಲೆ, ಸಹಕಾರ ಸಂಘ, ಗ್ರಾಮ ಪಂಚಾಯಿತಿಗಳಿಗೆ ವೆಬ್ ಆ್ಯಪ್ ಮಾಡುವವರಿಗೆ ನಾನು ಹಿಂದೆಮುಂದೆ ನೋಡದೆ ಎಜಿಪಿಎಲ್ ಹೇಳುತ್ತೇನೆ. ಮಂದಿಯ ದಾಖಲೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಒಳಗೆ ಏನು ನಡೆಯುತ್ತದೆ ಎಂದು ನೋಡುವ ಹಕ್ಕು ಆ ಮಂದಿಗೆ ಇರಬೇಕು.

ನಡುವಿನ ದಾರಿ: ಎಲ್‌ಜಿಪಿಎಲ್, ಎಂಪಿಎಲ್

ಇವು ಲೈಬ್ರರಿ ಬರೆಯುವವರಿಗೆ. ಎಲ್‌ಜಿಪಿಎಲ್ ಲೈಬ್ರರಿಯನ್ನು ಮುಚ್ಚಿದ ಪ್ರೋಗ್ರಾಂ ಕೂಡ ಜೋಡಿಸಿಕೊಳ್ಳಬಹುದು. ಆದರೆ ಲೈಬ್ರರಿಯ ತಿದ್ದುಪಡಿ ತೆರೆದಿರಬೇಕು, ಬಳಕೆದಾರರು ತಾವು ತಿದ್ದಿದ ಲೈಬ್ರರಿಯನ್ನು ಅಲ್ಲಿ ಹಾಕಿಕೊಳ್ಳಲು ಸಾಧ್ಯವಿರಬೇಕು. 2012ರ ಎಂಪಿಎಲ್ 2.0 ಇನ್ನೂ ಸರಳ, ಅದು ಫೈಲ್ ಲೆಕ್ಕದಲ್ಲಿ ನಡೆಯುತ್ತದೆ. ಎಂಪಿಎಲ್ ಇರುವ ಫೈಲ್ ತಿದ್ದಿ ಹಂಚಿದರೆ ಆ ಫೈಲ್ ತೆರೆದಿಡಿ, ಪಕ್ಕದಲ್ಲಿ ನೀವು ಹೊಸದಾಗಿ ಬರೆದ ಫೈಲ್ ನಿಮ್ಮಿಷ್ಟ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇದರಲ್ಲಿವೆ. ಎರಡರಲ್ಲಿ ಒಂದು ಆರಿಸಬೇಕಾದರೆ ನಾನು ಎಂಪಿಎಲ್ ಆರಿಸುತ್ತೇನೆ. ಓದಿದರೆ ಅರ್ಥ ಆಗುತ್ತದೆ.

ಫಾಂಟ್ ಮಾಡುವವರಿಗೆ, ಬಳಸುವವರಿಗೆ

ಗದಗ ಎಂದರೆ ಮುದ್ರಣಾಲಯ. ಮದುವೆ ಕಾರ್ಡಿನಿಂದ ಹಿಡಿದು ಪಠ್ಯಪುಸ್ತಕದವರೆಗೆ ಅಲ್ಲಿ ಅಚ್ಚಾಗುತ್ತದೆ. ಡಿಟಿಪಿ ಮಾಡುವವರು ಹಳೆಯ ಫಾಂಟ್‌ಗಳಿಂದ ಯುನಿಕೋಡ್‌ಗೆ ಬರುವಾಗ ಲೈಸೆನ್ಸ್ ಪ್ರಶ್ನೆ ಎದುರಾಗುತ್ತದೆ. ಈ ಭಾಗವನ್ನು ಸ್ವಲ್ಪ ನಿಧಾನ ಓದಿ.

ಫಾಂಟ್‌ಗೆ ತೊಡಕು ಇರುವುದು ಪಿಡಿಎಫ್‌ನಲ್ಲಿ. ಪಿಡಿಎಫ್ ಮಾಡಿದಾಗ ಫಾಂಟ್‌ನ ತುಣುಕು ಅದರೊಳಗೆ ಸೇರಿಕೊಳ್ಳುತ್ತದೆ. ಫಾಂಟ್ ಬರೀ ಜಿಪಿಎಲ್‌ನಲ್ಲಿದ್ದರೆ ಆ ಪುಸ್ತಕಕ್ಕೂ ಜಿಪಿಎಲ್ ಅಂಟುತ್ತದಾ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಾಗಿ ಜಿಪಿಎಲ್ ಜೊತೆಗೆ ಫಾಂಟ್ ವಿನಾಯಿತಿ ಎಂಬ ಒಂದು ಪ್ಯಾರಾ ಸೇರಿಸುವ ರೂಢಿ ಇದೆ. ಕನ್ನಡದ ಗುಬ್ಬಿ ಫಾಂಟ್ ಹೀಗೆ ಬಂದದ್ದು. ಕೈಬರಹದ ಹಾಗೆ ಕಾಣುವ ನವಿಲು ಫಾಂಟ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ, ಅಂದರೆ ಒಎಫ್‌ಎಲ್. ಗೂಗಲ್‌ನ ನೋಟೋ ಫಾಂಟ್‌ಗಳು ಮೊದಲು ಅಪಾಚೆಯಲ್ಲಿದ್ದವು, 2015ರಲ್ಲಿ ಒಎಫ್‌ಎಲ್‌ಗೆ ಬಂದವು.

ಒಎಫ್‌ಎಲ್ ಫಾಂಟ್ ಬಳಸಿ ಮಾಡಿದ ಪುಸ್ತಕ, ಕಾರ್ಡು, ಬ್ಯಾನರ್ ಯಾವುದಕ್ಕೂ ಲೈಸೆನ್ಸ್ ಅಂಟುವುದಿಲ್ಲ. ಅಚ್ಚು ಹಾಕಿ ಮಾರಿ, ಯಾರನ್ನೂ ಕೇಳಬೇಕಿಲ್ಲ. ಫಾಂಟ್ ಫೈಲನ್ನು ಅದೊಂದನ್ನೇ ಮಾರುವಂತಿಲ್ಲ, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು. ತಿದ್ದಿದ ಫಾಂಟ್ ಕೂಡ ಒಎಫ್‌ಎಲ್‌ನಲ್ಲೇ ಇರಬೇಕು. ಇನ್ನೊಂದು ಷರತ್ತು ಹಲವರ ಗಮನಕ್ಕೆ ಬರುವುದಿಲ್ಲ. ಫಾಂಟ್ ಮಾಡಿದವರು ಹೆಸರನ್ನು ಕಾಯ್ದಿರಿಸಿದ್ದರೆ, ನೀವು ಒಂದು ಒತ್ತಕ್ಷರ ಸರಿಪಡಿಸಿ ಹಂಚಿದರೂ ಹೆಸರು ಬದಲಿಸಬೇಕು. ಇದು ಕಿರಿಕಿರಿ ಎನಿಸಬಹುದು, ಆದರೆ ಒಂದೇ ಹೆಸರಿನ ಎರಡು ಫಾಂಟ್ ಪ್ರೆಸ್‌ನಲ್ಲಿ ಸೇರಿಕೊಂಡರೆ ಪುಟಗಳು ಹೇಗೆ ಕೆಡುತ್ತವೆ ಎಂದು ಡಿಟಿಪಿಯವರಿಗೆ ಹೇಳಿಕೊಡಬೇಕಿಲ್ಲ.

ಹೊಸ ಕನ್ನಡ ಫಾಂಟ್ ಮಾಡುತ್ತಿದ್ದರೆ ಬೇರೆ ಯೋಚನೆ ಬೇಡ, ಒಎಫ್‌ಎಲ್ 1.1 ಹಾಕಿ. ಲಿಪಿ ಬಿಡಿಸುವುದು ಎಷ್ಟು ಕಷ್ಟದ ಕೆಲಸ! ಅದು ಪ್ರತಿ ಫೋನಿಗೂ ಪ್ರತಿ ಪ್ರೆಸ್‌ಗೂ ಮುಟ್ಟಲಿ.

ಪಾಠ, ಸಹಾಯ ಪುಟ, ಪ್ರಶ್ನೆಪತ್ರಿಕೆ

ಕೋಡ್ ಅಲ್ಲದ ಬರಹಕ್ಕೆ ಕ್ರಿಯೇಟಿವ್ ಕಾಮನ್ಸ್. ಅದನ್ನು ಸಾಫ್ಟ್‌ವೇರ್‌ಗೆ ಹಾಕಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್‌ನವರೇ ಹೇಳುತ್ತಾರೆ. ಸಿಸಿ ಬೈ ಎಂದರೆ ಹೆಸರು ಹೇಳಿ ಬಳಸಿ. ಸಿಸಿ ಬೈ-ಎಸ್‌ಎ ಎಂದರೆ ಹೆಸರು ಹೇಳಿ, ನಿಮ್ಮ ತಿದ್ದುಪಡಿಯನ್ನೂ ಇದೇ ಲೈಸೆನ್ಸ್‌ನಲ್ಲಿ ಕೊಡಿ. ಕನ್ನಡ ವಿಕಿಪೀಡಿಯ ಬರಹ ಇದರಲ್ಲಿದೆ. ನಿಮ್ಮ ಆ್ಯಪ್‌ನಲ್ಲಿ ವಿಕಿಪೀಡಿಯದ ಪ್ಯಾರಾ ತೋರಿಸಿದರೆ ಮೂಲ ಹೇಳಿ, ಆ ಬರಹದ ಲೈಸೆನ್ಸನ್ನೂ ತೋರಿಸಿ.

ಓಪನ್ ಸೋರ್ಸ್‌ನಂತೆ ಕಾಣುವವು

"ಶಿಕ್ಷಣಕ್ಕೆ ಮಾತ್ರ", "ವ್ಯಾಪಾರಕ್ಕೆ ಬಳಸಬಾರದು" ಎಂದು ತಾವೇ ಒಂದು ಸಾಲು ಬರೆದು ಹಾಕುವವರು ಬಹಳ. ಮನಸ್ಸು ಒಳ್ಳೆಯದೇ. ಆದರೆ ಬಳಕೆಯ ಕ್ಷೇತ್ರಕ್ಕೆ ಬೇಲಿ ಹಾಕಿದರೆ ಅದು ಓಪನ್ ಸೋರ್ಸ್ ಅಲ್ಲ. ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆಯ ಓಪನ್ ಸೋರ್ಸ್ ವ್ಯಾಖ್ಯೆಯ 6ನೇ ಅಂಶ ಇದನ್ನು ನೇರವಾಗಿ ಹೇಳುತ್ತದೆ. ಬೇಲಿ ಎಲ್ಲಿ ಬೀಳುತ್ತದೆ ನೋಡಿ. ಹಾವೇರಿಯ ಶಿಕ್ಷಕರೊಬ್ಬರು ಗಣಿತ ಕಲಿಸುವ ಆ್ಯಪ್ ಮಾಡಿ "ವ್ಯಾಪಾರಕ್ಕಲ್ಲ" ಎಂದು ಬರೆದರೆ, ಫೀ ತೆಗೆದುಕೊಳ್ಳುವ ಟ್ಯೂಷನ್ ಮನೆ ಬಳಸಬಹುದಾ? ಖಾಸಗಿ ಶಾಲೆ? ಉತ್ತರ ಯಾರಿಗೂ ಗೊತ್ತಾಗುವುದಿಲ್ಲ, ಆ್ಯಪ್ ಅಲ್ಲೇ ಉಳಿಯುತ್ತದೆ. ದುರ್ಬಳಕೆಯ ಚಿಂತೆ ಇದ್ದರೆ ಎಜಿಪಿಎಲ್ ಹಾಕಿ. ಮುಚ್ಚಿ ಮಾರುವವರು ತಾವೇ ದೂರ ಹೋಗುತ್ತಾರೆ.

ಕಂಪನಿಗಳೂ ಇಂಥ ಬೇಲಿ ಹಾಕಿದ್ದಿವೆ. ಡೇಟಾಬೇಸ್ ಮಾಡುವ ಮೊಂಗೋಡಿಬಿ 2018ರಲ್ಲಿ ಎಜಿಪಿಎಲ್ ಬಿಟ್ಟು ಎಸ್‌ಎಸ್‌ಪಿಎಲ್ ಎಂಬ ತನ್ನದೇ ಲೈಸೆನ್ಸ್‌ಗೆ ಹೋಯಿತು. ಹುಡುಕಾಟದ ಸಾಫ್ಟ್‌ವೇರ್ ಇಲಾಸ್ಟಿಕ್‌ಸರ್ಚ್ 2021ರಲ್ಲಿ ಅಪಾಚೆ ಬಿಟ್ಟಿತು, ಅಮೆಜಾನ್ ಅದರ ಹಳೆಯ ಪ್ರತಿಯನ್ನು ಫೋರ್ಕ್ ಮಾಡಿ ಓಪನ್‌ಸರ್ಚ್ ಶುರು ಮಾಡಿತು. ಹ್ಯಾಶಿಕಾರ್ಪ್ 2023ರಲ್ಲಿ ಸರ್ವರ್ ವ್ಯವಸ್ಥೆ ಸಿದ್ಧಪಡಿಸುವ ಟೆರಾಫಾರ್ಮ್‌ನ ಲೈಸೆನ್ಸ್ ಬಿಗಿ ಮಾಡಿದ್ದಕ್ಕೆ ಅದರ ಫೋರ್ಕ್ ಓಪನ್‌ಟೋಫು ಹುಟ್ಟಿತು. ರೆಡಿಸ್ ಎಂಬ ಡೇಟಾಬೇಸ್ 2024ರಲ್ಲಿ ಬಿಎಸ್‌ಡಿ ಬಿಟ್ಟಾಗ ಅದರ ಫೋರ್ಕ್ ವಾಲ್ಕಿ ಹುಟ್ಟಿತು. ಇಲಾಸ್ಟಿಕ್‌ಸರ್ಚ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಅನ್ನೂ ಒಂದು ಆಯ್ಕೆಯಾಗಿ ಸೇರಿಸಿದವು. ಇವರ ಕಥೆ ನೋಡಿದರೆ ಶುರುವಿನಲ್ಲೇ ಯೋಚಿಸಿ ಆರಿಸುವುದು ಅಗ್ಗ ಎಂದು ನನಗೆ ಅನಿಸುತ್ತದೆ.

ಬೇರೆಯವರ ಕೋಡ್ ಬೆರೆಸುವಾಗ

ನಿಮ್ಮ ಪ್ರಾಜೆಕ್ಟ್ ಒಳಗೆ ಏನಿದೆ ಎಂಬುದು ನಿಮ್ಮ ಆಯ್ಕೆಯನ್ನು ಅರ್ಧ ತೀರ್ಮಾನಿಸಿಬಿಟ್ಟಿರುತ್ತದೆ. ಎಂಐಟಿ ಕೋಡನ್ನು ಅಪಾಚೆ ಪ್ರಾಜೆಕ್ಟ್‌ಗೆ ತರಬಹುದು. ಅಪಾಚೆ 2.0 ಕೋಡನ್ನು ಜಿಪಿಎಲ್ ಮೂರಕ್ಕೆ ತರಬಹುದು. ಜಿಪಿಎಲ್ ಮೂರನ್ನು ಎಜಿಪಿಎಲ್ ಮೂರರ ಜೊತೆ ಜೋಡಿಸಬಹುದು. ವಾಪಸ್ ದಾರಿ ಇಲ್ಲ. ಜಿಪಿಎಲ್ ಲೈಬ್ರರಿ ಸೇರಿಸಿಕೊಂಡ ಆ್ಯಪನ್ನು ಎಂಐಟಿ ಎಂದು ಹಂಚಿ ಕೈತೊಳೆದುಕೊಳ್ಳಲು ಆಗುವುದಿಲ್ಲ, ಪೂರ್ತಿ ಆ್ಯಪ್ ಜಿಪಿಎಲ್ ಷರತ್ತಿನಲ್ಲೇ ಹೋಗಬೇಕು. "ಎರಡು ಮಾತ್ರ" ಎಂದು ಹೇಳಿರುವ ಜಿಪಿಎಲ್ ಎರಡು ಮತ್ತು ಅಪಾಚೆ 2.0 ಒಂದಕ್ಕೊಂದು ಹೊಂದುವುದಿಲ್ಲ.

ಐಫೋನ್ ಆ್ಯಪ್ ಮಾಡುವವರು ಒಂದು ಘಟನೆ ತಿಳಿದಿರಿ. ಜಿಪಿಎಲ್‌ನಲ್ಲಿದ್ದ ವಿಎಲ್‌ಸಿ ವಿಡಿಯೊ ಪ್ಲೇಯರ್ 2011ರ ಜನವರಿಯಲ್ಲಿ ಆ್ಯಪಲ್ ಆ್ಯಪ್ ಸ್ಟೋರ್‌ನಿಂದ ಹೊರಬಿತ್ತು. ಸ್ಟೋರ್‌ನ ಷರತ್ತು ಜಿಪಿಎಲ್‌ಗೆ ಹೊಂದುವುದಿಲ್ಲ ಎಂದು ವಿಎಲ್‌ಸಿ ಕೋಡ್ ಬರೆದವರಲ್ಲೇ ಒಬ್ಬರು ತಕರಾರು ಎತ್ತಿದ್ದರು. ಆಮೇಲೆ ವಿಎಲ್‌ಸಿ ತಂಡ ತನ್ನ ಮುಖ್ಯ ಎಂಜಿನ್ ಅನ್ನು ಎಲ್‌ಜಿಪಿಎಲ್‌ಗೆ ತರಲು ವರ್ಷಗಳಿಂದ ಕೋಡ್ ಕೊಟ್ಟ ನೂರಾರು ಮಂದಿಯನ್ನು ಹುಡುಕಿ ಒಪ್ಪಿಗೆ ಕೇಳಬೇಕಾಯಿತು. 2013ರಲ್ಲಿ ಅದು ಸ್ಟೋರ್‌ಗೆ ಮರಳಿತು.

ಹಾಕುವುದು ಹೇಗೆ

ಲೈಸೆನ್ಸ್‌ನ ಪೂರ್ತಿ ಪಠ್ಯವನ್ನು ಒಂದಕ್ಷರ ತಿದ್ದದೆ ಪ್ರಾಜೆಕ್ಟ್‌ನ ಮೊದಲ ಫೋಲ್ಡರ್‌ನಲ್ಲಿ "ಲೈಸೆನ್ಸ್" ಎಂಬ ಇಂಗ್ಲಿಷ್ ಹೆಸರಿನ ಫೈಲ್‌ನಲ್ಲಿ ಇಡಿ. ಕನ್ನಡದಲ್ಲಿ ವಿವರಣೆ ಬೇಕಾದರೆ ರೀಡ್‌ಮಿ ಎಂಬ ಪರಿಚಯದ ಫೈಲ್‌ನಲ್ಲಿ ಬರೆಯಿರಿ. ವರ್ಷ ಮತ್ತು ಹಕ್ಕುದಾರರ ಹೆಸರು ಸರಿಯಾಗಿರಲಿ. ಪ್ರತಿ ಫೈಲ್‌ನ ತಲೆಯಲ್ಲಿ ಒಂದು ಸಾಲಿನ ಎಸ್‌ಪಿಡಿಎಕ್ಸ್ ಗುರುತು (ಲೈಸೆನ್ಸ್‌ಗೆ ಗೊತ್ತುಮಾಡಿದ ಚಿಕ್ಕ ಹೆಸರು) ಹಾಕಿದರೆ ಯಂತ್ರಗಳೂ ಓದಿಕೊಳ್ಳುತ್ತವೆ. ಜಿಪಿಎಲ್ ಹಾಕುವವರು "ಮೂರು ಮಾತ್ರ" ಅಥವಾ "ಮೂರು ಅಥವಾ ಮುಂದಿನದು" ಎರಡರಲ್ಲಿ ಒಂದನ್ನು ಬಿಡಿಸಿ ಬರೆಯಬೇಕು. ನಾನು ಎರಡನೆಯದನ್ನು ಹೇಳುತ್ತೇನೆ. ಬಳಸಿದ ಬೇರೆ ಲೈಬ್ರರಿಗಳ ಲೈಸೆನ್ಸ್‌ಗಳನ್ನೂ ಒಂದು ಕಡೆ ಜೋಡಿಸಿಡಿ, ಎಂಐಟಿ ಕೂಡ ಅಷ್ಟು ಕೇಳುತ್ತದೆ.

ಹೊರಗಿನವರು ಕೋಡ್ ಕಳಿಸಲು ಶುರು ಮಾಡಿದ ಮೇಲೆ, ಅವರ ಕೋಡ್‌ನ ಹಕ್ಕು ಅವರದ್ದೇ. ಮುಂದೆ ಲೈಸೆನ್ಸ್ ಬದಲಿಸಬೇಕಾದರೆ ಅವರ ಒಪ್ಪಿಗೆಯೂ ಬೇಕು. ಲಿನಕ್ಸ್‌ನವರು 2004ರಿಂದ ನಡೆಸಿಕೊಂಡು ಬಂದ ಡಿಸಿಒ ಪದ್ಧತಿ ಚಿಕ್ಕ ತಂಡಕ್ಕೆ ಸಾಕು. "ಈ ಕೋಡ್ ಕೊಡುವ ಹಕ್ಕು ನನಗಿದೆ" ಎಂದು ಪ್ರತಿ ಕಮಿಟ್‌ನಲ್ಲಿ (ಕೋಡ್‌ನ ಬದಲಾವಣೆ ದಾಖಲಿಸುವಾಗ) ಒಂದು ಸಾಲಿನ ಸಹಿ. ಮುಂದೆ ಅದೇ ಕೋಡನ್ನು ಒಂದು ಕಡೆ ಜಿಪಿಎಲ್‌ನಲ್ಲಿ, ಇನ್ನೊಂದು ಕಡೆ ದುಡ್ಡಿಗೆ ಮುಚ್ಚಿದ ಲೈಸೆನ್ಸ್‌ನಲ್ಲಿ ಮಾರುವ ಯೋಚನೆ ಇದ್ದರೆ ಮಾತ್ರ ಪ್ರತ್ಯೇಕ ಒಪ್ಪಂದ ಬೇಕಾಗುತ್ತದೆ. ಮೈಎಸ್‌ಕ್ಯುಎಲ್ ಡೇಟಾಬೇಸ್ ಹೀಗೆ ನಡೆದದ್ದು. ಅಂಥ ಯೋಚನೆ ಇದ್ದರೆ ಕೋಡ್ ಕೊಡುವವರಿಗೆ ಮೊದಲೇ ಹೇಳಿ, ಆಮೇಲೆ ಹೇಳಿದರೆ ಮನಸ್ಸು ಮುರಿಯುತ್ತದೆ.

ಒಮ್ಮೆ ಕೊಟ್ಟ ಲೈಸೆನ್ಸನ್ನು ಈಗಾಗಲೇ ಪಡೆದವರಿಂದ ಕಿತ್ತುಕೊಳ್ಳಲು ಆಗುವುದಿಲ್ಲ. ಹೊಸ ಆವೃತ್ತಿಯನ್ನು ಬೇರೆ ಲೈಸೆನ್ಸ್‌ನಲ್ಲಿ ತರಬಹುದು, ಹಳೆಯದು ಹಳೆಯ ಷರತ್ತಿನಲ್ಲೇ ಓಡಾಡಿಕೊಂಡಿರುತ್ತದೆ. ಯಾವುದು ಎಂದು ತೀರ್ಮಾನ ಆಗದಿದ್ದರೆ ಜಿಪಿಎಲ್ ಅಥವಾ ಎಜಿಪಿಎಲ್‌ನಿಂದ ಶುರು ಮಾಡಿ. ಎಲ್ಲರ ಒಪ್ಪಿಗೆ ಪಡೆದು ಮುಂದೆ ಎಂಐಟಿಗೆ ಸಡಿಲ ಮಾಡಬಹುದು. ಎಂಐಟಿಯಲ್ಲಿ ಹೊರಗೆ ಹೋದ ಕೋಡನ್ನು ಆಮೇಲೆ ಬಿಗಿ ಮಾಡಲು ಹೊರಟರೆ ಹಳೆಯ ಪ್ರತಿ ಹಿಡಿದವರು ಅದರಲ್ಲೇ ಮುಂದುವರಿಯುತ್ತಾರೆ.

ಮೊದಲೇ ಗಿಟ್‌ಹಬ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಿದ್ದಿರುವ ಪ್ರಾಜೆಕ್ಟ್ ಇದ್ದರೆ, ಈ ವಾರವೇ ಜೊತೆಗಾರರಿಗೆ ಈಮೇಲ್ ಹಾಕಿ. ಒಬ್ಬರು ಬೆಂಗಳೂರಿಗೆ, ಇನ್ನೊಬ್ಬರು ಪುಣೆಗೆ ಕೆಲಸಕ್ಕೆ ಹೋಗಿ ನಂಬರ್ ಬದಲಾಗುವ ಮೊದಲು ಒಪ್ಪಿಗೆ ಪಡೆಯುವುದು ಸುಲಭ. ಎಲ್ಲರೂ ಸರಿ ಎಂದ ಮೇಲೆ ಫೈಲ್ ಸೇರಿಸಿ, ಒಪ್ಪಿದ ತಾರೀಖನ್ನು ಕಮಿಟ್ ಸಂದೇಶದಲ್ಲಿ ಬರೆಯಿರಿ. ಒಬ್ಬರು ಸಿಗದಿದ್ದರೆ ಅವರು ಬರೆದ ಭಾಗ ಯಾವುದೆಂದು ಗಿಟ್ ಇತಿಹಾಸದಲ್ಲಿ ನೋಡಿ, ಅಷ್ಟನ್ನು ತೆಗೆದು ನೀವೇ ಹೊಸದಾಗಿ ಬರೆದು, ಉಳಿದದ್ದರ ಜೊತೆ ಬಿಡುಗಡೆ ಮಾಡಿ.